ಕುರ್ಚಿ ಬಿಟ್ಟೇಳದ ಡೆಸ್ ಟ್ರೆಲೋರ್

ಡೆಸ್ ಟ್ರೆಲೋರ್ ಅವರನ್ನು ನಾನು ಮೊದಲು ಕಂಡದ್ದು ಏಣಿಯ ಮೇಲೆ. ಮಾತನಾಡಿಸಿದ್ದು ಏಣಿಯ ಕೆಳಗೆ. ನಡುವಿನ ಪ್ರಯಾಣ ಬಹಳ ಬೇಗ ಮುಗಿಯಿತು! ನಾನು ಅಡಿಲೇಡ್ ಕಡೆಯ ಮೂಂಟಾ ಊರಿನ ಶಾಲೆಗೆ ಮೇಷ್ಟರಾಗಿ ಬಂದ ವರ್ಷ ಅದು. ಡಿಸೆಂಬರಿನ ಸುಡುಬಿಸಿಲಿನಲ್ಲಿ ಸೂರಿಗೆ ಕ್ರಿಸ್‌ಮಸ್ ದೀಪ ಕಟ್ಟುತ್ತಿದ್ದವರು ನೇರವಾಗಿ ಗುಲಾಬಿ ಗಿಡದ ಮೇಲೆ ಬಂದಿಳಿದರು. ನಾನು ಓಡಿಹೋಗಿ ಎಬ್ಬಿಸಿದೆ. ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು ಮುಳ್ಳು ಕೀಳಿಸಿಕೊಳ್ಳುತ್ತಲೇ ಅವರು ಘೋಷಿಸಿದರು:

"ಬರೋ ವರ್ಷ ನೋಡ್ತಿರಿ ಮೇಷ್ಟ್ರೇ! ಈ ಕುರ್ಚಿ ಬಿಟ್ಟು ಏಳಲ್ಲ. ಕೂತಲ್ಲಿಂದಲೇ ಇಡೀ ಮನೆ ಆಳ್ತೀನಿ!"

"ಮೊದಲು ನೆಟ್ಟಗೆ ಕೂತ್ಕೋ," ಎಂದರು ಮುಳ್ಳು ಕೀಳುತ್ತಿದ್ದ ಅವರ ಹೆಂಡತಿ ನೋಲೀನ್. "ಮನೆ ಆಮೇಲೆ ಆಳುವೆಯಂತೆ."

ಊರಿನ ಕ್ರಿಸ್‌ಮಸ್ ದೀಪಾಲಂಕಾರ ಸ್ಪರ್ಧೆಯ ಬಹುಮಾನದ ಫಲಕವನ್ನು ಪಕ್ಕದ ಮನೆಯ ಕ್ಲೆಮ್ ಪೆನ್‌ಹೇಲ್ ಮೂರು ವರ್ಷದಿಂದ ಬಿಟ್ಟುಕೊಟ್ಟಿರಲಿಲ್ಲ. ಅದನ್ನು ಕಿಟಕಿಯಲ್ಲಿ ಡೆಸ್‌ಗೆ ಕಾಣುವಂತೆಯೇ ಇಟ್ಟಿದ್ದರು. ಈ ಹೊಟ್ಟೆಯುರಿಗೆ ನೋಲೀನ್ ಒಂದು ಗಡುವು ಕೊಟ್ಟರು: "ಇನ್ನೊಂದೇ ವರ್ಷ. ಗೆದ್ದರೆ ಗೆದ್ದೆ. ಇಲ್ಲದಿದ್ದರೆ ನಿನ್ನ ದೀಪವೆಲ್ಲ ಚರ್ಚಿನ ಹರಾಜಿಗೆ!"

ಮರುವರ್ಷ ಡೆಸ್ ಅಡಿಲೇಡಿಗೆ ಹೋಗಿ ಒಂದು ಪೆಟ್ಟಿಗೆಯನ್ನು ಕೋಟಿನೊಳಗೆ ಮುಚ್ಚಿಟ್ಟುಕೊಂಡು ತಂದರು. ಒಳಗೆ ಒತ್ತುಗುಂಡಿಗಳ ಸಾಲಿದ್ದ ಒಂದು ಗುಂಡಿಮಣೆ, ಕೆಲವು ಗಿಡ್ಡ ಪ್ಲಗ್ಗುಗಳು. ಗುಂಡಿಮಣೆಯನ್ನು ಜಗಲಿಯ ಗೋಡೆಯ ಸಾಕೆಟ್ಟಿಗೆ, ಪ್ಲಗ್ಗುಗಳನ್ನು ಫ್ಯಾನು, ದೀಪಗಳ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು. ಗುಂಡಿಯ ಅಪ್ಪಣೆ ಗೋಡೆಯೊಳಗಿನ ಹಳೆಯ ತಂತಿಯಲ್ಲೇ ಹರಿದು ಫ್ಯಾನಿಗೂ ದೀಪಕ್ಕೂ ತಲುಪುತ್ತದೆ. ಹೊಸ ತಂತಿ ಬೇಡ, ಏಣಿ ಬೇಡ, ಎದ್ದೇಳುವ ಕಷ್ಟವಂತೂ ಬೇಡವೇ ಬೇಡ!

ನೋಲೀನ್ ಒಂದು ಪ್ಲಗ್ಗನ್ನು ತಿರುಗಿಸಿ ನೋಡಿದರು. "ಇಲ್ಲೊಂದು ಪುಟ್ಟ ಚಕ್ರ ಇದೆಯಲ್ಲ, ಎ, ಬಿ, ಸಿ ಅಂತ. ಇದು ಯಾಕೆ?"

"ಅಲಂಕಾರಕ್ಕೆ," ಎಂದರು ಡೆಸ್, ಹುಟ್ಟಾ ಪಂಡಿತರಂತೆ. "ಕ್ಲೆಮ್‌ಗೆ ಮಾತ್ರ ಇದರ ಸುದ್ದಿ ಹೇಳಬೇಡ!"

ಮೊದಲ ವಾರ ಸಾಮ್ರಾಜ್ಯ ಸುಭಿಕ್ಷವಾಗಿತ್ತು. ಎರಡನೆಯ ವಾರ ಪ್ರಜೆಗಳು ದಂಗೆಯೆದ್ದರು. ಯಾರೂ ಮುಟ್ಟದೆ ಫ್ಯಾನು ತಿರುಗಿತು. ಸ್ನಾನದ ನಡುವೆ ದೀಪ ಆರಿತು. ಭಾನುವಾರ ಬೆಳಿಗ್ಗೆ ವಿದ್ಯುತ್ ಪಾತ್ರೆಯಲ್ಲಿ ಬೇಯಲಿಟ್ಟ ಕುರಿಮಾಂಸವನ್ನು, ಚರ್ಚಿನಿಂದ ಬಂದು ಮುಚ್ಚಳ ತೆಗೆದು ನೋಡಿದರೆ, ಕುರಿ ಇನ್ನೂ ಎದ್ದು ಮೇಯಲು ಹೋಗುವಷ್ಟು ಹಸಿ!

"ನಿನ್ನ ಆಳುಗಳು ಬೇರೆ ಯಾರದೋ ಮಾತು ಕೇಳ್ತಿದ್ದಾರೆ ಡೆಸ್," ಎಂದರು ನೋಲೀನ್.

ಅಷ್ಟರಲ್ಲಿ ಬೇಲಿಯ ಮೇಲೆ ಕ್ಲೆಮ್ ಅವರ ತಲೆ ಮೂಡಿತು. "ಏನಪ್ಪಾ ಡೆಸ್, ನಿಮ್ಮನೇಲಿ ಕರೆಂಟು ಸರಿಯಾಗಿದೆಯಾ?"

"ಬಂಗಾರದಂಥ ಕರೆಂಟು! ಯಾಕೆ, ನಿಮ್ಮಲ್ಲಿ?"

"ನಮ್ಮಲ್ಲೂ ಹಾಗೇ. ಸುಮ್ಮನೆ ಕೇಳಿದೆ."

ತಲೆ ಮುಳುಗಿತು. ಇಬ್ಬರ ಮುಖವೂ ಹಾಲು ಕದ್ದ ಬೆಕ್ಕಿನದು.

ತೀರ್ಪಿನ ಸಂಜೆ ಬಂತು. ಡೆಸ್ ಅವರ ಹುಲ್ಲಿನ ಮೇಲೆ ದೀಪದ ಎಮು ಹಕ್ಕಿಗಳು, ಅವು ಎಳೆಯುವ ಗಾಡಿಯಲ್ಲಿ ಕ್ರಿಸ್‌ಮಸ್ ತಾತ. ಕ್ಲೆಮ್ ಅವರ ಅಂಗಳದಲ್ಲಿ ದೀಪಗಳಲ್ಲೇ ಮೂಡಿಸಿದ ಊರಿನ ಹಳೆಯ ತಾಮ್ರದ ಗಣಿ. ಅದರ ಚಿಮಣಿಯಿಂದ ಇಳಿಯುತ್ತಿರುವ ಇನ್ನೊಬ್ಬ ತಾತ. ತೀರ್ಪುಗಾರ್ತಿ, ಬೇಕರಿಯ ಮಿಸೆಸ್ ರೋಡಾ, ಎರಡು ಗೇಟುಗಳ ನಡುವೆ ನಿಂತರು. ಹಿಂದೆ ಅರ್ಧ ಊರು.

ಡೆಸ್ ಕುರ್ಚಿಗೆ ಒರಗಿ, ಚಕ್ರವರ್ತಿಯ ಗತ್ತಿನಲ್ಲಿ ಗುಂಡಿ ಒತ್ತಿದರು. ಎಮುಗಳು ಝಗ್ಗೆಂದವು. ಗಣಿಯೂ ಝಗ್ಗೆಂದಿತು!

ಇನ್ನೂ ಸರದಿ ಬರದ ಗಣಿ ಹೊತ್ತಿಕೊಂಡದ್ದನ್ನು ಕಂಡು ಗಾಬರಿಗೊಂಡ ಕ್ಲೆಮ್ ತಮ್ಮ ಜಗಲಿಯಲ್ಲಿ ಏನನ್ನೋ ಒತ್ತಿದರು. ಗಣಿ ಆರಿತು. ಎಮುಗಳೂ ಆರಿದವು! ಡೆಸ್ ಒತ್ತಿದರು, ಎರಡೂ ಹೊತ್ತಿದವು. ಕ್ಲೆಮ್ ಒತ್ತಿದರು; ಎರಡೂ ಆರಿದವು. ಒಬ್ಬರ ಹಟ ಇನ್ನೊಬ್ಬರಿಗೆ ಸಾಲದು. ತಾತಂದಿರು ಇಬ್ಬರೂ ಒಟ್ಟೊಟ್ಟಿಗೆ ಕಣ್ಣು ಮಿಟುಕಿಸತೊಡಗಿದರು. ಜನ ತಾಳ ಹಿಡಿದು ಚಪ್ಪಾಳೆ ತಟ್ಟಿದರು!

ಮಿಸೆಸ್ ರೋಡಾ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. "ಅಕ್ಕಪಕ್ಕದವರು ಕೂಡಿ ಮಾಡಿದ ಅಲಂಕಾರ ಈ ಊರಲ್ಲಿ ಇದೇ ಮೊದಲು ಕಣ್ರಪ್ಪಾ! ಎಂಥ ಒಗ್ಗಟ್ಟು! ಫಲಕ ಇಬ್ಬರಿಗೂ. ಆರಾರು ತಿಂಗಳು ಹಂಚ್ಕೊಳ್ಳಿ."

"ಒಗ್ಗಟ್ಟಾ?" ಎಂದು ಡೆಸ್ ಬಾಯಿ ತೆರೆಯುವಷ್ಟರಲ್ಲಿ ನೋಲೀನ್ ಗಂಡನ ಕಾಲು ತುಳಿದು, "ಬಹಳ ದಿನದಿಂದ ಅಭ್ಯಾಸ ಮಾಡಿದ್ರು ಪಾಪ," ಎಂದುಬಿಟ್ಟರು.

ಜನ ಚದುರಿದ ಮೇಲೆ ಇಬ್ಬರೂ ತಮ್ಮ ತಮ್ಮ ಗುಂಡಿಮಣೆಗಳನ್ನು ಕಿತ್ತುಕೊಂಡು ಬೇಲಿಯ ಬಳಿ ಎದುರಾದರು. ಒಂದೇ ಅಂಗಡಿಯ ಅವಳಿ ಮಕ್ಕಳು! ಎರಡು ಮನೆಗೂ ತಂತಿ ಬರುವುದು ಒಂದೇ ಕಂಬದಿಂದ; ಚಕ್ರದ ಅಕ್ಷರವೂ ಒಂದೇ ಆದರೆ ಒಬ್ಬರ ಗುಂಡಿಯ ಅಪ್ಪಣೆ ಇನ್ನೊಬ್ಬರ ಮನೆಗೂ ಹರಿಯುತ್ತದೆ.

"ನಿನ್ನ ಚಕ್ರ ಯಾವ ಅಕ್ಷರದಲ್ಲಿದೆ?" ಎಂದರು ಕ್ಲೆಮ್.

"ಎ. ತಂದಾಗ ಹೇಗಿತ್ತೋ ಹಾಗೇ. ನಿನ್ನದು?"

"ನಂದೂ."

"ಹಾಗಾದ್ರೆ ನಮ್ಮ ಕುರಿಮಾಂಸ ಕೆಡಿಸಿದ್ದು..."

"ನನ್ನ ಹೆಂಡ್ತಿ ಕೇಕು ಹಾಳು ಮಾಡಿದ್ದು ಯಾರಯ್ಯಾ?"

ನೋಲೀನ್ ಜಗಲಿಯಿಂದಲೇ ಕೂಗಿದರು: "ಅಲಂಕಾರ ಅಂತೂ ಚೆನ್ನಾಗಿತ್ತು ಡೆಸ್!"

ಅಕ್ಷರ ಬದಲಾಯಿಸುವಂತಿಲ್ಲ. ಪ್ರತಿ ಡಿಸೆಂಬರಿಗೂ ಊರಿಗೆ ಆ ಒಗ್ಗಟ್ಟು ಬೇಕಲ್ಲ! ಉಳಿದ ತಿಂಗಳಾದರೂ ಒಬ್ಬರು ಚಕ್ರ ತಿರುಗಿಸಬಹುದಿತ್ತು. ಆದರೆ ತಾನೇ ಏಕೆ ತಿರುಗಿಸಬೇಕೆಂದು ಇಬ್ಬರೂ ಪಟ್ಟು ಹಿಡಿದು ಕೂತರು. ಇಂದಿಗೂ ಎರಡು ಮನೆ, ಒಂದೇ ಅಕ್ಷರ.

ಡೆಸ್ ಈಗ ಮುದುಕರು. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುವಷ್ಟರಲ್ಲಿ ಫ್ಯಾನು ನಿಲ್ಲುತ್ತದೆ. ಗುಂಡಿ ಒತ್ತಿದರೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. "ಲೋ ಕ್ಲೆಮ್!" ಎಂದು ಗುಡುಗುತ್ತಾ ಅವರು ಎದ್ದು, ಹುಲ್ಲುಹಾಸು ದಾಟಿ, ಬೇಲಿಯವರೆಗೆ ನಡೆದು, ಜಗಳವಾಡಿ ಬರುತ್ತಾರೆ. ದಿನಕ್ಕೆ ಎಷ್ಟು ಸಲವೋ!

ಮೊನ್ನೆ ನಾನು ಹೋದಾಗ ಡೆಸ್ ಆಗಷ್ಟೇ ಬಂದು ಕೂತು ಉಸಿರು ಬಿಟ್ಟಿದ್ದರು. ನೋಲೀನ್ ನನಗೆ ಚಹಾ ಕೊಟ್ಟು, "ದಿನಾ ನಡೆಯಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ ಮೇಷ್ಟ್ರೇ. ನನ್ನ ಮಾತು ಕೇಳ್ತಾರಾ?" ಎಂದರು. ಆಮೇಲೆ ಅಡುಗೆಮನೆಗೆ ಹೋಗಿ, ಫೋನೆತ್ತಿ, ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು:

"ಕ್ಲೆಮ್, ಇವರು ಮತ್ತೆ ಕೂತಿದ್ದಾರೆ. ಒಂದು ಸಲ ಒತ್ತು."