ಪರದೆಯ ಮೂಲೆಗೊಂದು ತೇಪೆ

ನನ್ನ ಮನೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸುವುದಿಲ್ಲ. ತಲೆ ಹೋದರೂ ಹಾಕಿಸುವುದಿಲ್ಲ! ಈ ಪ್ರತಿಜ್ಞೆಯನ್ನು ನಾನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಘೋಷಿಸಿದೆ. ಹೆಂಡತಿ ಹೊಲಿಗೆಯಂತ್ರ ತುಳಿಯುತ್ತಿದ್ದುದರಿಂದ ಘೋಷಣೆ ನನ್ನೊಬ್ಬನ ಕಿವಿಗೇ ಬಿತ್ತು. ಬೀಳಲಿ. ಕೇಳುವವರಿಲ್ಲವೆಂದು ಸಿಂಹ ಗರ್ಜಿಸುವುದನ್ನು ಬಿಡುತ್ತದೆಯೇ?

ನಾನು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಹೊಲಿಗೆಯಂತ್ರ ರಿಪೇರಿ ನನ್ನ ಕಸುಬು. ಯಾರೂ ಹೇಳಿಕೊಡಲಿಲ್ಲ, ಬಿಚ್ಚಿದೆ, ನೋಡಿದೆ, ಜೋಡಿಸಿದೆ. ಮೊದಮೊದಲು ಒಂದೆರಡು ಸ್ಕ್ರೂ ಮಿಗುತ್ತಿದ್ದವು. ಅದು ತಯಾರಿಸಿದವನ ದುಂದು, ನನ್ನ ತಪ್ಪಲ್ಲ. ಕಂಪ್ಯೂಟರನ್ನೂ ಹಾಗೆಯೇ, ಒಬ್ಬರ ಮುಂದೆ ಕೈಕಟ್ಟಿ ನಿಲ್ಲದೆ, ಗುಂಡಿ ಒತ್ತಿ ಒತ್ತಿ ಕಲಿತೆ. ಇಂಥ ನನಗೆ ಅದು ಬುದ್ಧಿ ಹೇಳಲು ಬಂತು ನೋಡಿ!

ಬೆಳಗಾದರೆ ಸಾಕು, ಪರದೆಯ ಬಲಮೂಲೆಯಲ್ಲಿ ಒಂದು ಪುಟ್ಟ ಚೌಕ ನಾಯಿಕೊಡೆಯಂತೆ ಎದ್ದು ನಿಲ್ಲುತ್ತಿತ್ತು. 'ಹೊಸದು ಸಿದ್ಧವಾಗಿದೆ. ಈಗಲೇ? ಆಮೇಲೆ?' ಎರಡೇ ಗುಂಡಿ. 'ಬೇಡ' ಎನ್ನುವ ಗುಂಡಿಯೇ ಇಲ್ಲ! ಇದ್ಯಾವ ಸೀಮೆಯ ನ್ಯಾಯ ಸ್ವಾಮಿ? ಬಾಗಿಲಿಗೆ ಬಂದ ಪೊರಕೆಯವನಿಗೂ ಬೇಡ ಎನ್ನುವ ಹಕ್ಕು ನನಗಿದೆ. ನನ್ನ ಮನೆ, ನನ್ನ ಮೇಜು, ನನ್ನ ಕರೆಂಟು. ಬಾಯಿಗೆ ಬೀಗ ಮಾತ್ರ ಯಾವನೋ ಕಾಣದ ಊರಿನವನದು!

ಎದುರುಮನೆಯ ಕನ್ನಡಕದಂಗಡಿಯವನು ಅಪ್‌ಡೇಟ್ ಬಂದ ದಿನವೇ ಹಾಕಿಸಿಕೊಂಡಿದ್ದ. ನಮ್ಮಿಬ್ಬರ ಬಾಗಿಲಿನ ನಡುವೆ ಒಂದು ಓಣಿಯಂಥ ಜಾಗ ಮಾತ್ರ. ಅಲ್ಲಿ ಸಿಕ್ಕಾಗಲೆಲ್ಲ ಶುರು.

"ಯಜಮಾನ್ರೇ, ಹಳೇದು ಕ್ಷೇಮ ಅಲ್ಲ. ಕಳ್ಳರು ನುಗ್ತಾರಂತೆ."

"ನುಗ್ಗಲಿ! ಒಳಗೆ ಸಿಗೋದು ಕೋಟಿನ ಕಾಲರು. ಬೇಕಿದ್ರೆ ಹೊಲ್ಕೊಳ್ಳಲಿ!"

"ಎಲ್ಲಾರೂ ಬದಲಾಯಿಸಿದಾರೆ."

"ಎಲ್ಲಾರೂ ಬಾವಿಗೆ ಬಿದ್ರೆ ನಾನು ಹಗ್ಗ ಹಿಡ್ಕೊಂಡು ದಡದಲ್ಲಿ ನಿಂತಿರ್ತೀನಿ. ಬಿದ್ದವರು ಕೂಗಿ, ಎಳೀತೀನಿ!"

ಕಳ್ಳನಿಗೆ ಕಾಲರೆಂದು ನಾನು ಹಗುರವಾಗಿ ಅಂದರೂ, ಕಂಪ್ಯೂಟರಿನೊಳಗಿದ್ದುದು ನನ್ನ ಹೆಂಡತಿಯ ಜೀವ. ಬ್ಯಾಂಡ್ ತಂಡದವರ ಕೋಟುಗಳನ್ನೆಲ್ಲ ಹೊಲಿಯುವವಳು ಅವಳು. ಡೋಲಿನವನ ಹೊಟ್ಟೆ, ತಾಳದವನ ಗೂನುಬೆನ್ನು, ಒಬ್ಬೊಬ್ಬನ ಮೈಗೂ ತಕ್ಕ ಕಟಿಂಗ್ ನಕ್ಷೆಯನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. ಪ್ರಿಂಟ್ ತೆಗೆದು, ಬಟ್ಟೆಯ ಮೇಲಿಟ್ಟು, ಕತ್ತರಿ ಆಡಿಸುವುದು. ಹೊಸದು ಬಂದು ಆ ನಕ್ಷೆಗಳನ್ನು ನುಂಗಿದರೆ? ಇದೇ ನನ್ನ ಬ್ರಹ್ಮಾಸ್ತ್ರವಾಗಿತ್ತು.

ದಿನಾ 'ಆಮೇಲೆ' ಒತ್ತಿ ಒತ್ತಿ ಬೆರಳೂ ಸವೆಯಿತು, ಸಹನೆಯೂ ಸವೆಯಿತು. ಕೊನೆಗೆ ಅವಳ ಚಿಂದಿ ಡಬ್ಬಿಯಿಂದ ದಪ್ಪನೆಯ ನೀಲಿ ಬಟ್ಟೆಯ ತುಂಡೊಂದನ್ನು ಹೆಕ್ಕಿ, ಸುತ್ತ ಅಂಟು ಬಳಿದು, ಪರದೆಯ ಆ ಮೂಲೆಗೆ ತೇಪೆ ಹಾಕಿಬಿಟ್ಟೆ! ಚೌಕ ಏಳಲಿ, ಬೀಳಲಿ, ಬಟ್ಟೆಯೊಳಗೇ ಹೊರಳಾಡಲಿ.

ಹೆಂಡತಿ ನೋಡಿದಳು. "ಬೆಕ್ಕು ತನ್ನ ಕಣ್ಣು ಮುಚ್ಕೊಂಡು ಹಾಲು ಕುಡೀತಂತೆ. ನೀವು ಹಾಲಿಗೇ ಕಣ್ಣುಪಟ್ಟಿ ಕಟ್ಟಿದ್ರಲ್ಲ! ಅದಿರಲಿ, ನನ್ನ ಯಂತ್ರ ನಡುನಡುವೆ ಹೊಲಿಗೆ ಹಾರಿಸ್ತಿದೆ. ಯಾವಾಗ ನೋಡ್ತೀರಿ?"

"ಆಮೇಲೆ."

"ಊರವರ ಯಂತ್ರಕ್ಕೆಲ್ಲ ಎಣ್ಣೆ, ನನ್ನ ಯಂತ್ರಕ್ಕೆ ಬರೀ ಆಣೆ!"

ಮುಚ್ಚುವ ಕಲೆಯಲ್ಲಿ ನಾನು ಮೊದಲಿನಿಂದಲೂ ನಿಸ್ಸೀಮ. ಧೂಳೊರೆಸುವಾಗ ಯಾರ ಕೈಯಾದರೂ ತಗುಲಿ ಕಂಪ್ಯೂಟರು ಆರದಿರಲೆಂದು ಅದರ ಗುಂಡಿಯ ಮೇಲೆ ಡಬ್ಬಿಯ ಮುಚ್ಚಳ ಅಂಟಿಸಿದ್ದೆ. ಹಿಂದಿನ ವೈರನ್ನು ಇಲಿ ಎಳೆಯದಂತೆ ಅದಕ್ಕೂ ಅಂಟು. ಕರೆಂಟು ಹೋದಾಗ ಉಸಿರು ಕೊಡುವ ಯುಪಿಎಸ್ ಬ್ಯಾಟರಿಯನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಸ್ಕ್ರೂ ಬಿಗಿದು, ಯಾರೂ ಬಿಚ್ಚದಿರಲೆಂದು ಸ್ಕ್ರೂಗಳ ತಲೆಯನ್ನೇ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದೆ. ಯಮ ಬಂದರೂ ನನ್ನ ಕಂಪ್ಯೂಟರನ್ನು ಆರಿಸಲಾರ ಎಂದು ಬೀಗುತ್ತಿದ್ದೆ.

ಆ ಬೆಳಿಗ್ಗೆ ಬ್ಯಾಂಡಿನ ಕಹಳೆಯವನು ಬಂದು ಕುಳಿತಿದ್ದ. ಉದ್ದನೆಯ ಕಹಳೆಯನ್ನು ಹಿಂದೆ ಮುಂದೆ ಎಳೆಯುತ್ತ ಊದುವವನು; ಅವನ ಬಲತೋಳಿಗೆ ಬೇರೆಯೇ ಸಡಿಲ, ಬೇರೆಯೇ ನಕ್ಷೆ. ಮಧ್ಯಾಹ್ನ ಮೆರವಣಿಗೆ. ಕೋಟಿಗೆ ಎಡತೋಳು ಬಂದಿತ್ತು, ಬಲತೋಳು ಬಂದಿರಲಿಲ್ಲ. ಒಂಟಿತೋಳಿನ ಕೋಟು ತೊಟ್ಟು ಕುಳಿತವನು ನೋಡಲು ಯಾವುದೋ ಯುದ್ಧ ಸೋತು ಬಂದ ಸೇನಾಪತಿಯಂತಿದ್ದ.

"ರೀ, ಇವರ ಬಲತೋಳಿನ ಪ್ರಿಂಟ್ ಕೊಡಿ ಬೇಗ," ಎಂದಳು ಹೆಂಡತಿ.

ಹೋಗಿ ನೋಡುತ್ತೇನೆ, ಪರದೆ ತುಂಬ ಒಂದೇ ಬಣ್ಣ! ನಡುವೆ ಬರಹ: 'ಅಪ್‌ಡೇಟ್ ನಡೆಯುತ್ತಿದೆ. ಕಂಪ್ಯೂಟರನ್ನು ಆರಿಸಬೇಡಿ.'

"ದರೋಡೆ!" ಎಂದು ಕಿರುಚಿದೆ. "ಹಾಡುಹಗಲು ದರೋಡೆ! ನನ್ನನ್ನೊಂದು ಮಾತು ಕೇಳದೆ!"

"ಕೇಳಿತ್ತು ರೀ," ಎಂದಳು ಅವಳು. "ನಿನ್ನೆ ತೇಪೆಯ ಅಂಚು ಎದ್ದಿತ್ತು. ನಾಳೆ ಬೆಳಿಗ್ಗೆ ಶುರು ಮಾಡ್ತೀನಿ, ಬೇರೆ ಹೊತ್ತು ಬೇಕಿದ್ರೆ ಹೇಳಿ ಅಂತ ಕೆಳಗೆ ಬರ್ದಿತ್ತು."

"ಮತ್ತೆ ನಂಗೆ ಬೊಗಳೋಕೇನಾಗಿತ್ತು?"

"ಹೇಳ್ದೆನಲ್ಲ! ತೇಪೆ ಕೆಳಗೆ ಏನೋ ಬರ್ದಿದೆ, ಬಂದು ನೋಡಿ ಅಂದೆ. ಪೇಪರಿಂದ ತಲೆ ಎತ್ತದೆ ನೀವೇನಂದ್ರಿ?"

"ಆಮೇಲೆ ಅಂದಿರ್ತಾರೆ ಬಿಡಿ ಅಕ್ಕಾ," ಎಂದ ಕಹಳೆಯವನು. ಅವನನ್ನು ಯಾರು ಕೇಳಿದರು?

ನನಗೆ ನಖಶಿಖಾಂತ ಉರಿಯಿತು. ಅದು ಹೇಗೆ ನಡೆಯುತ್ತದೋ ನೋಡಿಯೇಬಿಡುತ್ತೇನೆ! ಗುಂಡಿ ಒತ್ತಲು ಹೋದೆ, ಮುಚ್ಚಳ. ಮುಚ್ಚಳ ಕೀಳಲು ಹೋದೆ. ಉಗುರು ಬಂತು, ಮುಚ್ಚಳ ಬರಲಿಲ್ಲ. ಹಿಂದಿನ ವೈರು ಜಗ್ಗಿದೆ. ಮೇಜು ಬಂತು, ವೈರು ಬರಲಿಲ್ಲ. ಪೆಟ್ಟಿಗೆ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ಮಂಡಿಯೂರಿದೆ. ಸ್ಕ್ರೂಗಳು ನುಣ್ಣನೆಯ ಬೋಳುತಲೆ ತೋರಿಸಿ ನಕ್ಕವು. ಮಾಡಿದ್ದುಣ್ಣೋ ಮಹಾರಾಯ!

ಬಾಗಿಲ ಬಳಿಯ ಬೋರ್ಡಿಗೆ ಹಾರಿದೆ. ಮೇನ್ ಆರಿಸಿ, ಸಾಲದೆಂದು ಫ್ಯೂಸನ್ನೇ ಕಿತ್ತೆ. ಕಿತ್ತ ರಭಸಕ್ಕೆ ಅದು ಕೈಜಾರಿ ನೆಲಕ್ಕೆ ಬಿದ್ದು ಪಿಂಗಾಣಿ ಚೂರುಚೂರಾಯಿತು. ಫ್ಯಾನು ನಿಂತಿತು. ದೀಪ ಆರಿತು. ಇಸ್ತ್ರಿಪೆಟ್ಟಿಗೆ ತಣ್ಣಗಾಯಿತು. ಕಂಪ್ಯೂಟರು ಮಾತ್ರ ಯುಪಿಎಸ್ ದಯೆಯಿಂದ ದೇದೀಪ್ಯಮಾನವಾಗಿ ಬೆಳಗುತ್ತಿತ್ತು! ಪೆಟ್ಟಿಗೆಯೊಳಗಿಂದ 'ಕೀ... ಕೀ...' ಎಂಬ ಕೂಗು ಬೇರೆ.

"ಶ್ರುತಿ ಚೆನ್ನಾಗಿದೆ," ಎಂದ ಕಹಳೆಯವನು.

"ಕೂಗಲಿ! ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ? ಇನ್ನೇನು ಆರುತ್ತೆ!" ಎಂದು ನಾನು ತೊಡೆ ತಟ್ಟಿದೆ.

ಹೆಂಡತಿ ಕತ್ತರಿ ಕೆಳಗಿಟ್ಟಳು. "ರೀ, ಒಂದು ಮಾತು. ಸೂಜಿ ಬಟ್ಟೆಯೊಳಗೆ ಇಳಿದಿರುವಾಗ ಬಟ್ಟೆ ಹಿಡಿದು ಎಳೆದ್ರೆ ಏನಾಗುತ್ತೆ?"

"ಸೂಜಿ ಮುರಿಯುತ್ತೆ. ಬಟ್ಟೆ ಹರಿಯುತ್ತೆ," ಎಂದೆ, ಕಸುಬಿನ ಅಭ್ಯಾಸಬಲದಿಂದ.

"ನನ್ನ ನಕ್ಷೆಯೆಲ್ಲ ಆ ಬಟ್ಟೆಯಲ್ಲಿದೆ."

ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದಳು ನೋಡಿ, ನನ್ನ ತೊಡೆ ತಟ್ಟಿದ ಕೈ ಅಲ್ಲೇ ನಿಂತಿತು. ಪೆಟ್ಟಿಗೆಯ ಕೂಗು ಅವಸರವಾಗತೊಡಗಿತು. ಫ್ಯೂಸು ಚೂರಾಗಿದೆ. ಕರೆಂಟು ಬೇಕು. ಇನ್ನು ಉಳಿದದ್ದು ಒಂದೇ ಬಾಗಿಲು.

ಕನ್ನಡಕದಂಗಡಿಯವನು ತೆರೆದ. ನಾನು ಬಾಯಿ ಬಿಡುವ ಮೊದಲೇ ಪೆಟ್ಟಿಗೆಯ ಕೂಗು ಅವನಿಗೆ ಎಲ್ಲವನ್ನೂ ಹೇಳಿತ್ತು.

"ಬಾವಿಗೆ ಬಿದ್ರಾ ಯಜಮಾನ್ರೇ?"

"ಹಗ್ಗ ಕೊಡಯ್ಯಾ ಮೊದ್ಲು!"

ಹಗ್ಗವೆಂದರೆ ಎಕ್ಸ್‌ಟೆನ್ಶನ್ ವೈರು. ಅದರ ಒಂದು ತುದಿಗೆ ನನ್ನ ಪೆಟ್ಟಿಗೆಯ ವೈರು, ಪ್ರಿಂಟರಿನ ವೈರು. ಇನ್ನೊಂದು ತುದಿ ಅವನ ಗೋಡೆಗೆ. ಅವನ ಸಾಕೆಟ್ಟೋ, ಹಲ್ಲು ಸಡಿಲಾದ ಮುದುಕನ ಬಾಯಿ! ಪ್ಲಗ್ಗನ್ನು ಒತ್ತಿ ಹಿಡಿದರೆ ಕರೆಂಟು, ಬಿಟ್ಟರೆ ಇಲ್ಲ. ಹೀಗಾಗಿ ಅಪ್‌ಡೇಟಿನ ಆಜನ್ಮ ವೈರಿಯಾದ ನಾನು, ವೈರಿಯ ಗೋಡೆಗೆ ಮುಖಮಾಡಿ, ಹೆಬ್ಬೆರಳು ಅದುಮಿ, ಅಪ್‌ಡೇಟ್ ಸಾಂಗವಾಗಿ ನೆರವೇರಲೆಂದು ಒಂಟಿಕಾಲಿನ ತಪಸ್ಸಿಗೆ ನಿಂತೆ. ಅವನೋ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಟೀ ಹೀರುತ್ತ ಹೊಸದರ ಗುಣಗಾನ ಶುರುಮಾಡಿದ.

"ಎಲ್ಲಿಗೆ ಬಂತೇ?" ಎಂದು ಅಲ್ಲಿಂದಲೇ ಕೂಗಿದೆ.

"ಇನ್ನೇನು ಬಂತು! ಅಯ್ಯೋ, ನಿಂತಂಗಿದೆ ರೀ!"

"ನಡಿಯಪ್ಪಾ, ನನ್ನಪ್ಪಾ, ನಡಿ," ಎಂದು ಗೋಡೆಯನ್ನೇ ಬೇಡಿಕೊಂಡೆ.

"ಆಯ್ತು! ಆಯ್ತು ರೀ! ನಕ್ಷೆಗಳೆಲ್ಲ ಇದ್ದಂಗೇ ಇರ್ತವಂತೆ. ಏನೇನೋ ಪ್ರಶ್ನೆ ಕೇಳ್ತಿದೆ. ಈ ಕಂಪ್ಯೂಟರಿಗೆ ಒಡೆಯರು ಯಾರು ಅಂತಿದೆ. ಬರ್ತೀರಾ?"

ಬೆರಳು ತೆಗೆದರೆ ಎಲ್ಲ ಹಾಳು. "ಆಮೇಲೆ!" ಎಂದು ಅರಚಿದೆ.

ಕೊನೆಗೆ ಬಲತೋಳಿನ ಪ್ರಿಂಟ್ ಬಂತು; ಕನ್ನಡಕದಂಗಡಿಯವನು ಹೊಸ ಫ್ಯೂಸು ತಂದು ನಮ್ಮ ಬೋರ್ಡಿಗೆ ಸಿಕ್ಕಿಸಿದ ಮೇಲೆ ನನ್ನ ಹೆಬ್ಬೆರಳಿಗೆ ಬಿಡುಗಡೆ ಸಿಕ್ಕಿತು. ಮನೆಗೆ ಬಂದರೆ ಒಡತಿಯ ಆಜ್ಞೆ ಕಾದಿತ್ತು: "ಮೊದ್ಲು ನನ್ನ ಯಂತ್ರ ಸರಿಮಾಡಿ. ಹೊಲಿಗೆ ಹಾರಿದ್ರೆ ಮೆರವಣಿಗೆ ನಡುವೆ ಇವರ ತೋಳು ಕಳಚುತ್ತೆ. ಈಗಲೇ!" ಕಹಳೆಯವನ ಎದುರೇ ಯಂತ್ರದಡಿ ನುಸುಳಿ, ಮೂತಿಗೆಲ್ಲ ಎಣ್ಣೆ ಬಳಿದುಕೊಂಡು, ಸರಿಮಾಡಿಕೊಟ್ಟೆ. ಎರಡು ತೋಳಿನ ಸೇನಾಪತಿಯಾಗುವ ಗಳಿಗೆಗಾಗಿ ಅವನು ಕಾಯುತ್ತ ಕುಳಿತ. ಅವಳು ಹೊಲಿಯತೊಡಗಿದಳು.

ಇನ್ನಾದರೂ ನೆಮ್ಮದಿಯೆಂದು ಕಂಪ್ಯೂಟರಿನ ಮುಂದೆ ಕುಳಿತೆ. ತೇಪೆ ಕಿತ್ತುಹಾಕಿದೆ. ಕಿತ್ತದ್ದೇ ತಡ, ಅದೇ ಮೂಲೆಯಲ್ಲಿ ಮತ್ತೆ ಪುಟ್ಟ ಚೌಕ! 'ಇನ್ನೊಂದು ಹೊಸದು ಸಿದ್ಧವಾಗಿದೆ.' ನಿನ್ನ ಮನೆ ಹಾಳಾಗ! ಈ ಕಾಟವನ್ನು ಬೇರುಸಹಿತ ನಿಲ್ಲಿಸಿಯೇಬಿಡುತ್ತೇನೆಂದು ಹುಡುಕಿ ಹುಡುಕಿ ಒಂದು ಗುಂಡಿ ಒತ್ತಿದೆ. ಉತ್ತರ ಬಂತು: 'ಈ ಬದಲಾವಣೆಗೆ ಒಡೆಯರ ಅನುಮತಿ ಬೇಕು.'

"ಒಡೆಯ ನಾನೇ ಕಣೋ!" ಎಂದೆ. ಕಣ್ಣುಜ್ಜಿಕೊಂಡು ಕೆಳಗೆ ನೋಡಿದೆ. ಅಲ್ಲಿದ್ದುದು ನನ್ನ ಹೆಂಡತಿಯ ಹೆಸರು!

"ಏ ಇವಳೇ," ಎಂದೆ, ಧ್ವನಿಯನ್ನು ಆದಷ್ಟು ಇಳಿಸಿ. "ಒಂಚೂರು ಬಂದು ಅನುಮತಿ ಕೊಟ್ಟು ಹೋಗೇ."

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಅವಳು ಬಲತೋಳಿನಿಂದ ತಲೆ ಎತ್ತಲಿಲ್ಲ.

"ಆಮೇಲೆ," ಎಂದಳು.