ಐದು ಬೋಲ್ಟು, ಒಂದು ಬೂದುಗುಂಬಳಕಾಯಿ

ಬನ್ನಿ, ಕೂತ್ಕೊಳ್ಳಿ. ಕಾಲು ಚಾಚ್ಕೊಂಡೇ ಕೂತ್ಕೊಳ್ಳಿ, ಇಲ್ಲಿ ಯಾರೂ ಏನೂ ಅಂದ್ಕೊಳ್ಳಲ್ಲ. ಆ ಫೋನು ಅತ್ಲಾಗಿಡಿ. ಊಟದ ಮೆಸ್ಸು ನಡೆಸೋಳು ನಗು ಹುಡ್ಕೊಂಡು ಎಲ್ಲೂ ಹೋಗ್ಬೇಕಿಲ್ಲ. ಹಸಿದೋರ ಜೊತೆ ಅದೂ ಚಪ್ಪಲಿ ಬಿಟ್ಟು ಒಳಗೆ ಬರುತ್ತೆ. ನನ್ನ ಕಣ್ಮುಂದೆ ಇಂಥವು ಆಗ್ತಾನೇ ಇರ್ತವೆ. ಇವತ್ತು ಆ ಉದ್ದುದ್ದ ಹುಡುಗರ ಕತೆ ಹೇಳ್ತೀನಿ.

ನಮ್ಮನೆ ಇರೋದು ಪೀಣ್ಯದ ಹಳೇ ಬೀದೀಲಿ. ಎದುರಿಗೇ ಬೋಲ್ಟು ಮಾಡೋ ಫ್ಯಾಕ್ಟರಿ. ನಮ್ಮ ಪೀಣ್ಯಕ್ಕೆ ಮೆಟ್ರೋ ಆಗ ತಾನೇ ಬಂದಿತ್ತು, ಆ ವರ್ಷ ಫ್ಯಾಕ್ಟರಿ ಓನರ್ರಿಗೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡೀತು. ಸಂಬಳ ಕೊಟ್ಟು ಆಡಿಸೋ ದೊಡ್ಡ ಪಂದ್ಯಗಳು ದಸರಾ ಕಳೆದ ಮೇಲೆ ಶುರುವಾಗೋದಿತ್ತು. ಅದಕ್ಕೆ ಅಂತ ಪೇಪರಲ್ಲಿ ಫೋಟೋ ಬಂದ ಹುಡುಗರನ್ನೇ ಹೆಕ್ಕಿ ಹೆಕ್ಕಿ ತಂದ್ರು. ಪಂಜಾಬಿನವನೊಬ್ಬ, ಮದ್ರಾಸಿನವನೊಬ್ಬ, ಅಮೆರಿಕದವನೊಬ್ಬ. ಉಳಿದಿಬ್ರೂ ತಮ್ತಮ್ಮ ಊರಲ್ಲಿ ರಾಜರೇ. ಫ್ಯಾಕ್ಟರಿ ಒಳಗೆ ಲಾರಿ ನಿಲ್ಲೋ ಜಾಗಕ್ಕೆ ಕಾಂಕ್ರೀಟ್ ಹಾಕ್ಸಿ, ಆ ತುದಿಗೊಂದು ರಿಂಗು, ಗೇಟಿನ ತುದಿಗೊಂದು ರಿಂಗು ನಿಲ್ಸಿದ್ರು. ಮೂರು ಹೊತ್ತು ಊಟ ನಮ್ಮನೇಲಿ. ಆ ತಂಡ ಹೆಂಗೆ, ಗೆಲ್ಲುತ್ತಾ ಸೋಲುತ್ತಾ ಅಂತ ಅಳೆದು ತೂಗದೋರು ಬೀದೀಲಿ ಯಾರೂ ಇರ್ಲಿಲ್ಲ. ನಾನೂ ತೂಗ್ದೆ.

ಬಗ್ಗಿದೋರು, ಬಗ್ಗದೋನು

ಮೊದಲನೇ ದಿನ ಊಟಕ್ಕೆ ಬಂದ್ರು. ನಮ್ಮನೆ ಬಾಗಿಲು ನಮ್ಮ ಮಾವನೋರ ಕಾಲದ್ದು, ಗಿಡ್ಡ. ಪಂಜಾಬಿನವನು ನಡು ಮುರಿಯೋ ಹಂಗೆ ಬಗ್ಗಿ ಒಳಗೆ ಬಂದ. ನಾನು ಹೊಸಿಲ ಈಚೆಗೇ ನಿಂತಿದ್ನಲ್ಲ, ಆಹಾ, ಇಷ್ಟು ದೊಡ್ಡ ಆಟಗಾರ, ಎಂಥಾ ವಿನಯ ಅಂದ್ಕೊಂಡೆ. ತಲೆ ಮೇಲೆ ಕೈಯಿಟ್ಟು "ನೂರು ವರ್ಷ ಬಾಳಪ್ಪ" ಅಂದೆ. ಹಿಂದೆ ಮದ್ರಾಸಿನವನು ಬಗ್ಗಿದ. ಅವನಿಗೂ ಆಶೀರ್ವಾದ. ಅಮೆರಿಕದವನು ಇದನ್ನೆಲ್ಲ ನೋಡಿ, ಈ ದೇಶದಲ್ಲಿ ಊಟಕ್ಕೆ ಮುಂಚೆ ಹಿಂಗೇ ಮಾಡ್ಬೇಕೇನೋ ಅಂತ ಹೊಸಿಲು ದಾಟಿದ ಮೇಲೂ ತಲೆ ತಗ್ಗಿಸ್ಕೊಂಡೇ ನಿಂತ, ನಾನು ಕೈಯಿಡೋವರೆಗೂ ಎತ್ಲಿಲ್ಲ.

ಕೊನೆಗೆ ಅವರ ಕೋಚು ಬಂದ. ಕುಳ್ಳನೆ ಮನುಷ್ಯ. ಬಗ್ಲೂ ಇಲ್ಲ, ತಗ್ಲೂ ಇಲ್ಲ, ನೆಟ್ಟಗೆ ಎದೆ ಸೆಟೆಸ್ಕೊಂಡು ಒಳಗೆ ನುಗ್ಗಿ, "ಅಜ್ಜಿ, ಕೈ ತೊಳೆಯೋದು ಎಲ್ಲಿ?" ಅಂದ.

ಅವತ್ತು ರಾತ್ರಿ ಪಕ್ಕದ ಮನೆಯವಳಿಗೆ ಹೇಳ್ದೆ: "ಹುಡುಗರೆಲ್ಲ ಬಂಗಾರ ಕಣೇ. ಆ ಕೋಚು ಒಬ್ಬನೇ ಅಹಂಕಾರಿ."

ಒಂದೇ ಪಾತ್ರೆ

ವಾರದೊಳಗೆ ನನ್ನ ತೂಕ ತಲೆಕೆಳಗಾಯ್ತು. ಬಂಗಾರದ ಹುಡುಗರು ಒಬ್ಬೊಬ್ರಾಗಿ ಅಡುಗೆಮನೆ ಹತ್ರ ಬಂದು ಗುಟ್ಟಾಗಿ ಕೇಳೋಕೆ ಶುರು ಮಾಡಿದ್ರು. ಪಂಜಾಬಿನವನು, "ಅಮ್ಮಾಜಿ, ನನಗೆ ಮಾತ್ರ ಗಟ್ಟಿ ದಾಲ್." ಮದ್ರಾಸಿನವನು, "ಪಾಟಿ, ನನಗೆ ಮಾತ್ರ ಸಾಂಬಾರ್." ಅಮೆರಿಕದವನು ಹೊಟ್ಟೆ ಸವರ್ಕೊಂಡು, "ಸೂಪ್, ಓನ್ಲಿ ಮಿ." ಒಬ್ಬನಿಗೆ ಕೊಟ್ಟಿದ್ದು ಇನ್ನೊಬ್ಬನಿಗೆ ಕೊಡಬಾರದಂತೆ!

ನನಗಿರೋದು ಒಂದು ಒಲೆ, ಎರಡು ಕೈ. ದೊಡ್ಡ ಪಾತ್ರೇಲಿ ಬೇಳೆಸಾರು ಮಾಡ್ದೆ, ಅಲ್ಲಾಡಿಸ್ದೆ ಇಟ್ಟೆ. ಮೇಲಿನ ತಿಳಿ ತೆಗೆದು ಮೆಣಸು ಉದುರಿಸ್ದೆ, ಅಮೆರಿಕಕ್ಕೆ ಸೂಪು. ನಡುವಿಂದು ಮದ್ರಾಸಿಗೆ ಸಾಂಬಾರು. ತಳದ ಗಟ್ಟಿಗೆ ತುಪ್ಪ ಬಿಟ್ಟೆ, ಪಂಜಾಬಿಗೆ ದಾಲು. ಮೂವರೂ ಬೆರಳು ಚೀಪಿ, ಪಕ್ಕದವನ ತಟ್ಟೆ ನೋಡಿ, "ಪಾಪ, ಅವನಿಗೆ ಇಂಥಾದ್ದು ಸಿಗ್ಲಿಲ್ಲ" ಅನ್ನೋ ಹಂಗೆ ಮೀಸೆಯಲ್ಲೇ ನಕ್ರು.

ಕೋಚು ಮಾತ್ರ ಅಡುಗೆಮನೇಲಿ ನಿಂತು ಎಲ್ಲಾ ನೋಡಿದ್ದ. ಅಷ್ಟು ಹೊತ್ತಿಗೆ ಅವನು ನಮ್ಮ ಮಹಡಿಗೇ ಬಾಡಿಗೆಗೆ ಬಂದಿದ್ದ. ಹೆಂಡತಿ ಏಳು ತಿಂಗಳ ಬಸುರಿ. ಊರೂರು ಅಲೆದು ಸುಸ್ತಾದವನು, ಇಲ್ಲಾದ್ರೂ ನೆಲೆ ನಿಂತೇವು ಅಂತ ತೊಟ್ಟಿಲಿಗೆ ಕೊಕ್ಕೆ ಕೂಡ ಹೊಡೆಸಿದ್ದ. ಅಹಂಕಾರ ಎಲ್ಲಿಂದ ಬರ್ಬೇಕು ಪಾಪ, ಎತ್ತರವೇ ಅಷ್ಟು.

"ಅಜ್ಜಿ, ಒಂದು ಸಾರನ್ನ ಮೂರು ಮಾಡ್ಬಿಟ್ರಲ್ಲ," ಅಂದ. "ನನಗೆ ಈ ಮೂರನ್ನ ಒಂದು ಮಾಡೋದು ಹೇಳ್ಕೊಡಿ."

"ಮೂರನ್ನೂ ಪಾತ್ರೆಗೆ ಹಾಕಿ ಕುದಿಸ್ಬೇಕು ಕಣಪ್ಪ," ಅಂದೆ. "ಆದ್ರೆ ಆ ಪಂಜಾಬಿನವನು ಹಿಡಿಸೋ ಪಾತ್ರೆ ಯಾವ ಅಂಗಡೀಲಿ ಸಿಗುತ್ತೆ?"

ನಟ್ಟು ಇಲ್ಲ

ಆಟವೂ ಊಟದ ಥರವೇ. ನಾನು ಜಗಲಿ ಮೇಲೆ ಬೆಳ್ಳುಳ್ಳಿ ಸುಲೀತಾ ಗೇಟಿನೊಳಗೆ ನೋಡ್ತಿದ್ದೆ. ಪಂಜಾಬಿನವನ ಕೈಗೆ ಚೆಂಡು ಸಿಕ್ರೆ ಅದು ಪಂಜಾಬಿನದ್ದೇ. ಮದ್ರಾಸಿನವನಿಗೆ ಸಿಕ್ರೆ ಅವನೇ ಓಡಿ, ಅವನೇ ಹಾರಿ, ಅವನೇ ಹಾಕಿ, ಅವನೇ ಚಪ್ಪಾಳೆ ತಟ್ಕೊಳ್ಳೋನು. ಅಮೆರಿಕದವನಂತೂ ನೀರು ಕುಡಿಯೋಕೆ ಹೋದ್ರೂ ಚೆಂಡು ಕಂಕುಳಲ್ಲಿ. ಮೂರು ಜನ ಒಟ್ಟಿಗೆ ಹಾರಿ ಚೆಂಡು ರಿಂಗಿಗೆ ಬಿದ್ರೆ ಸಂಜೆವರೆಗೂ "ನಾನು ಹಾಕಿದ್ದು, ನಾನು ಹಾಕಿದ್ದು" ಅಂತ ಜಗಳ. ಕೋಚು "ಪಾಸ್! ಪಾಸ್!" ಅಂತ ಕಿರುಚಿ ಕಿರುಚಿ ಗಂಟಲು ಕಟ್ಟಿ, ದಿನಾ ನನ್ನ ಹತ್ರ ಮೆಣಸಿನ ಕಷಾಯ.

ಒಂದಿನ ಓನರ್ರು ಬಂದು ನೋಡಿದ್ರು. ಒಂದು ಗಂಟೆ ನೋಡಿ, ಜಗಲಿ ಮೇಲೆ ಕೂತು, ಕಾಫಿ ಲೋಟ ಟಪ್ ಅಂತ ಇಟ್ರು.

"ಏನ್ರೀ ಕೋಚು, ನಾನು ಬೋಲ್ಟಿನ ವ್ಯಾಪಾರದೋನು. ಒಳ್ಳೇ ಮಾಲು ತಂದ್ರೆ ತಾನಾಗೇ ಕೂಡ್ಕೋಬೇಕು. ಮಾರ್ಕೆಟ್ಟಲ್ಲಿ ಸಿಗೋ ಒಂದನೇ ನಂಬರ್ ಮಾಲನ್ನೇ ತಂದ್ಕೊಟ್ಟಿದ್ದೀನಿ. ಯಾಕ್ರೀ ಕೂಡ್ತಾ ಇಲ್ಲ?"

ಕೋಚು ಕಟ್ಟಿದ ಗಂಟಲಲ್ಲೇ ಹೇಳ್ದ: "ಸಾರ್, ಐದಕ್ಕೆ ಐದೂ ಬೋಲ್ಟೇ ತಂದಿದ್ದೀರ. ಒಂದೂ ನಟ್ಟಿಲ್ಲ."

ನನಗೆ ನಗು ತಡೆಯೋಕಾಗ್ದೆ ಸೆರಗು ಬಾಯಿಗಿಟ್ಕೊಂಡೆ. ಓನರ್ರು ನಗ್ಲಿಲ್ಲ. "ಆಯುಧ ಪೂಜೆ ದಿನ ನನ್ನ ಜೊತೆ ದುಡ್ಡು ಹಾಕಿರೋರೆಲ್ಲ ತಂಡ ನೋಡೋಕೆ ಬರ್ತಾರೆ," ಅಂದ್ರು. "ಅಷ್ಟರಲ್ಲಿ ನಟ್ಟು ಹುಡ್ಕಿ. ಇಲ್ಲಾಂದ್ರೆ ನಾನು ಬೇರೆ ಕೋಚ್ ಹುಡುಕ್ತೀನಿ."

ಕೋಚು ಮೇಲೆ ಹೋಗಿ ತೊಟ್ಟಿಲ ಕೊಕ್ಕೆ ನೋಡ್ತಾ ಕೂತ. ಕೆಳಗೆ ಬಂಗಾರದ ಹುಡುಗರು ಮೂರು ಥರದ ಸಾರು ಉಣ್ತಾ ಇದ್ರು.

ಚೆಂಡಿಗೆ ರಜ

ಆಯುಧ ಪೂಜೆ ದಿನ ಪೀಣ್ಯ ನೋಡ್ಬೇಕು ನೀವು. ವರ್ಷವೆಲ್ಲ ಎಣ್ಣೆ ಮೆತ್ಕೊಂಡಿದ್ದ ಲೇತು ಮೆಷಿನ್ನುಗಳು ಮದುವಣಗಿತ್ತಿ ಥರ ಹೂ ಮುಡ್ಕೊಂಡು ಕೂತಿರ್ತವೆ. ಲಾರಿಗೆ ಬಾಳೆಕಂದು, ಸ್ಪ್ಯಾನರಿಗೂ ಕುಂಕುಮ. ಓನರ್ರ ಹೊಸ ಕಾರು ಗೇಟಿನ ಕಡೆ ರಿಂಗಿನ ಹತ್ರವೇ ಹಾರ ಹಾಕ್ಕೊಂಡು ನಿಂತಿತ್ತು. ಪೂಜೆ ಮುಗೀತು, ಕಡ್ಲೆಪುರಿ ಚರಪು ಹಂಚಿದ್ದಾಯ್ತು. ದುಡ್ಡು ಹಾಕಿದ ದೊಡ್ಡೋರು ಕುರ್ಚಿ ಮೇಲೆ ಕೂತು, "ಎಲ್ಲಿ, ಆಟ ತೋರ್ಸಿ" ಅಂದ್ರು.

ಕೋಚು ಚೆಂಡು ಹುಡುಕ್ದ. ಇಲ್ಲ. ನೋಡಿದ್ರೆ ಬಿಜಾಪುರ ಕಡೆ ಲೇತು ಹುಡುಗರು ಇದ್ದಬದ್ದ ಚೆಂಡನ್ನೆಲ್ಲ ದೊಡ್ಡ ಲೇತಿನ ಮುಂದೆ ಸಾಲಾಗಿಟ್ಟು, ಒಂದೊಂದಕ್ಕೂ ಮೂರು ಬೆರಳು ವಿಭೂತಿ ಬಳಿದು ಪೂಜೆ ಮಾಡ್ಬಿಟ್ಟಿದ್ರು. ಕೋಚು ಕೈಹಾಕಿದ್ದೇ ತಡ, ಎಲ್ಲಾರೂ ಕೂಗಿದ್ರು:

"ಮುಟ್ಟಬ್ಯಾಡ್ರೀ ಸರ! ಪೂಜಿಗಿಟ್ಟ ಆಯುಧ ಇವತ್ತು ಎತ್ತಂಗಿಲ್ರೀ!"

ಕೋಚು ಓನರ್ರ ಮುಖ ನೋಡ್ದ. ಅವರೂ ದೈವಭಕ್ತರೇ. "ನನ್ನ ಲೇತೇ ಇವತ್ತು ತಿರುಗಲ್ಲ, ಚೆಂಡು ಹೆಂಗ್ರೀ ತಿರುಗುತ್ತೆ?" ಅಂದ್ರು. ಆಮೇಲೆ ಸ್ವಲ್ಪ ಯೋಚ್ನೆ ಮಾಡಿ, "ಆದ್ರೆ ಆಟ ಇವತ್ತೇ ತೋರಿಸ್ಬೇಕು" ಅಂದ್ರು. ಕೋಚಿನ ಬೆವರು ನಾನಿದ್ದ ಜಾಗಕ್ಕೇ ಕಾಣ್ತಿತ್ತು.

ನಾನಿದ್ದದ್ದು ಗೇಟಿನಿಂದ ದೂರದ ಆ ತುದೀಲಿ. ಹುಡುಗರಿಗೆ ದೃಷ್ಟಿ ತೆಗೆಯೋಣ ಅಂತ ಉಂಡೆಯಂಥ ಒಂದು ಪುಟ್ಟ ಬೂದುಗುಂಬಳಕಾಯಿ ತಂದಿದ್ದೆ. ಮೇಲೆ ತೂತು ಕೊರೆದು, ಕುಂಕುಮ ತುಂಬಿ, ಮುಚ್ಚಿ, ಕರ್ಪೂರ ಹಚ್ಚಿ, ಐದೂ ಜನರನ್ನ ಸಾಲಾಗಿ ನಿಲ್ಸಿ ನಿವಾಳಿಸ್ದೆ. ಕರ್ಪೂರ ಆರಿದ ಮೇಲೆ ಕಾಯಿ ಮದ್ರಾಸಿನವನ ಕೈಗಿಟ್ಟೆ. ಅವರ ಕಡೆಯೂ ಈ ಪದ್ಧತಿ ಇದೆ, ಅವನಿಗೆ ಗೊತ್ತಿರುತ್ತೆ ಅಂತ.

"ಗೇಟಿನ ಹತ್ರ ಕಾರಿನ ಮುಂದೆ ಒಡೀಬೇಕು ಕಣಪ್ಪ. ಜೋಪಾನ, ದಾರೀಲಿ ಬಿದ್ರೆ ಬೀಳಿಸಿದೋನಿಗೇ ಐದೂ ಜನರ ದೃಷ್ಟಿ ಅಂಟ್ಕೊಳ್ಳುತ್ತೆ."

ಗೊತ್ತಿತ್ತು ಅವನಿಗೆ. ಗೊತ್ತಿದ್ದದ್ದೇ ಎಡವಟ್ಟಾಯ್ತು. ಮುಖ ಬಿಳುಚ್ಕೊಂಡು, "ಐಯೋ ಪಾಟಿ!" ಅಂತ ಎರಡು ಹೆಜ್ಜೆ ಓಡಿ, ಕಾಯಿ ಪಂಜಾಬಿನವನ ಕಡೆ ಎಸೆದೇಬಿಟ್ಟ. "ದೃಷ್ಟಿ! ನಜರ್! ಬೀಳಿಸ್ಬೇಡ!"

ಪಂಜಾಬಿನವನು ತನ್ನ ಕಾರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟೋ ಆಸಾಮಿ. ನಜರ್ ಅನ್ನೋ ಮಾತು ಕಿವಿಗೆ ಬಿದ್ದಿದ್ದೇ, ಹಿಡಿದ ಕಾಯಿಯನ್ನ ಕೆಂಡದ ಹಂಗೆ ಅಮೆರಿಕದವನಿಗೆ ಎಸೆದ. "ಬ್ಯಾಡ್ ಲಕ್, ಭಾಯಿ! ಬ್ಯಾಡ್ ಲಕ್!" ಅಮೆರಿಕದವನಿಗೆ ಕಣ್ಣು ಇಷ್ಟಗಲ ಆಯ್ತು. ಪಕ್ಕದಲ್ಲಿ ಓಡ್ತಿದ್ದವನಿಗೆ ಕೊಟ್ಟ. ಅವನು ಇನ್ನೊಬ್ಬನಿಗೆ. ಅವನು ವಾಪಸ್ ಮದ್ರಾಸಿಗೆ. ನೋಡ್ತಾ ನೋಡ್ತಾ ಐದೂ ಜನ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು, ಹೆಸರು ಹಿಡಿದು ಕೂಗ್ತಾ, ಕೆಳಗೆ ಬೀಳದ ಹಂಗೆ, ಕೈಯಲ್ಲಿ ನಿಲ್ಲದ ಹಂಗೆ, ಗೇಟಿನ ಕಡೆ ಹಾರ್ಕೊಂಡು ಹೋದ್ರು! ಕುಂಕುಮ ಸೋರಿ ಮೈಯೆಲ್ಲ ಕೆಂಪು. ನನ್ನ ಪಕ್ಕಕ್ಕೆ ಓಡಿ ಬಂದಿದ್ದ ಕೋಚು ಎರಡು ಕೈಯೂ ತಲೆ ಮೇಲಿಟ್ಕೊಂಡು, "ಪಾಸ್ ಮಾಡ್ತಾವ್ರೆ ಅಜ್ಜಿ... ಅಜ್ಜಿ, ಪಾಸ್ ಮಾಡ್ತಾವ್ರೆ..." ಅಂತ ಅಳೋದಾ ನಗೋದಾ ಗೊತ್ತಾಗ್ದೆ ನಿಂತಿದ್ದ.

ಕೊನೆಗೆ ಅಮೆರಿಕದವನ ಕೈಗೆ ಬರೋ ಹೊತ್ತಿಗೆ ಎದುರಿಗೆ ರಿಂಗು. ಹುಟ್ಟುಗುಣ ಬಿಡುತ್ತಾ? ಹಾರಿ ಎಸೆದ. ಕಾಯಿ ಹೋಗಿ ರಿಂಗಿನ ಮೇಲೆ ಗೂಡಲ್ಲಿ ಮೊಟ್ಟೆ ಕೂತ ಹಂಗೆ ಕೂತ್ಬಿಡ್ತು. ಇಡೀ ಫ್ಯಾಕ್ಟರಿ ಕತ್ತೆತ್ತಿ ಉಸಿರು ಹಿಡೀತು. ಪಂಜಾಬಿನವನು "ಜೈ ಮಾತಾ ದೀ!" ಅಂತ ಹಾರಿ ಮೇಲಿಂದ ಗುದ್ದಿದ. ಕಾಯಿ ರಿಂಗೊಳಗಿಂದ ಇಳಿದು ಓನರ್ರ ಕಾರಿನ ಮುಂದೆ, ಎಲ್ಲಿ ಒಡೀಬೇಕೋ ಸರಿಯಾಗಿ ಅಲ್ಲೇ, ಫಟಾರ್!

ದೊಡ್ಡೋರೆಲ್ಲ ಎದ್ದು ನಿಂತು ಚಪ್ಪಾಳೆ. ಓನರ್ರು ಕೇಳಿದ್ರು: "ಭೇಷ್! ಯಾರಪ್ಪಾ ಹಾಕಿದ್ದು?"

ದಿನಾ "ನಾನು ಹಾಕಿದ್ದು" ಅಂತ ಕಿತ್ತಾಡ್ತಿದ್ದ ಮೂವರೂ, ದೃಷ್ಟಿಗೆ ಹೆದರ್ಕೊಂಡು, ಒಬ್ಬರನ್ನೊಬ್ಬರು ತೋರಿಸಿ ಒಟ್ಟಿಗೇ ಅಂದ್ರು: "ನಾನಲ್ಲ, ಅವನು!"

ಓನರ್ರು ಕೋಚಿನ ಭುಜ ಹಿಡ್ಕೊಂಡು, "ಏನ್ರೀ ಇದು! ನಟ್ಟು ಎಲ್ಲಿಂದ ತಂದ್ರಿ?"

ಕೋಚು ನನ್ನ ಕಡೆ ನೋಡ್ದ. "ಅಜ್ಜಿ ತಂದ್ರು ಸಾರ್. ತರಕಾರಿ ಅಂಗಡಿಯಿಂದ."

ಆಮೇಲೆ

ಯಾರ್ಯಾರು ಏನಾದ್ರು ಅಂತೀರಾ? ತಂಡ ಆ ವರ್ಷ ಗೆದ್ದಿದ್ದೇ ಜಾಸ್ತಿ, ಸೋತಿದ್ದು ಕಮ್ಮಿ. ಎರಡು ವರ್ಷ ಆದ ಮೇಲೆ ಆ ಪಂದ್ಯಗಳೇ ನಿಂತ್ಹೋದ್ವು. ಪಂಜಾಬಿನವನು ಅವರೂರಲ್ಲಿ ಪೊಲೀಸಾದ. ಹಬ್ಬಕ್ಕೆ ಫೋನ್ ಮಾಡಿ, ಆ ದಾಲ್ ಮಾಡೋದು ಹೆಂಗೆ ಅಂತ ಹೆಂಡತಿಗೆ ಹೇಳಿ ಅಂತಾನೆ. ಮೇಲಿನ ತಿಳಿ ಏನು ಮಾಡ್ಬೇಕು ಅಂತ ನಾನು ಹೇಳಿಲ್ಲ. ಮದ್ರಾಸಿನವನು ತಾನೇ ಕೋಚಾಗಿ, ಪಾಸ್ ಮಾಡದ ಹುಡುಗರ ಕೈಗೆ ಕುಂಬಳಕಾಯಿ ಕೊಡ್ತಾನಂತೆ. ಅಮೆರಿಕದವನ ಊರಲ್ಲಿ ಬೂದುಗುಂಬಳ ಸಿಗಲ್ಲವಂತೆ. ವರ್ಷಾ ಸಿಹಿಗುಂಬಳವನ್ನೇ ಮನೆಮುಂದೆ ಒಡೆದು ಫೋಟೋ ಕಳಿಸ್ತಾನೆ, ಹಿಂದೆ ಅಕ್ಕಪಕ್ಕದೋರು ಗಾಬರಿಯಾಗಿ ನಿಂತಿರ್ತಾರೆ. ಓನರ್ರು ಬೋಲ್ಟಿನ ಜೊತೆ ಈಗ ನಟ್ಟೂ ಮಾಡ್ತಾರೆ.

ಕೋಚು? ಎಲ್ಲೂ ಹೋಗ್ಲಿಲ್ಲ, ಇಲ್ಲೇ ಸ್ಕೂಲಿನ ಮಕ್ಕಳಿಗೆ ಆಟ ಹೇಳ್ಕೊಡ್ತಾನೆ. ಆ ಕೊಕ್ಕೆಗೆ ತೊಟ್ಟಿಲು ತೂಗ್ತು, ಹೆಣ್ಣುಮಗು. ಈಗ ಸ್ಕೂಲಿಗೆ ಹೋಗುತ್ತೆ. ನನ್ನ ಗಿಡ್ಡ ಬಾಗಿಲಲ್ಲಿ ಬಗ್ಗಲ್ಲ, ತಗ್ಗಲ್ಲ, ನೆಟ್ಟಗೆ ಎದೆ ಸೆಟೆಸ್ಕೊಂಡು ನುಗ್ಗುತ್ತೆ.

ಅಪ್ಪನ ಮಗಳೇ. ಅಹಂಕಾರಿ.