ಜಗಳ ಬಿಡಿಸದ ಸ್ಕೌಟ್ ಮಾಸ್ತರರು

ಕಳೆದ ಡಿಸೆಂಬರಿನ ಮೊದಲ ಶನಿವಾರ, ಹಾನಗಲ್ಲಿನ ಹೊರಗೆ, ಇಪ್ಪತ್ತೆರಡು ಮಕ್ಕಳು ಒಂದೇ ಬೇವಿನ ಮರವನ್ನು ಮೂರು ಸಲ ದಾಟಿದರು. ಮರ ನಡೆದಾಡಿರಲಿಲ್ಲ. ಮಕ್ಕಳು ತುಂಟತನ ಮಾಡಿರಲಿಲ್ಲ. ದೊಡ್ಡವರು ದಾರಿಯಲ್ಲಿಟ್ಟ ಗುರುತುಗಳನ್ನು ಒಂದೂ ಬಿಡದೆ ಪಾಲಿಸಿದ್ದರು. ತಪ್ಪಾದದ್ದೇ ಅಲ್ಲಿ!

ಅದು ನಾಲ್ಕು ತಾಲೂಕುಗಳ ಮಕ್ಕಳ ಸ್ಕೌಟ್ ಶಿಬಿರ. ಅದರ ಮುಖ್ಯಸ್ಥರು ನನ್ನ ಸೋದರಮಾವ. ಸವಣೂರಿನವರು, ನಿವೃತ್ತ ದೈಹಿಕ ಶಿಕ್ಷಕರು. ಜಗಳ ಹಚ್ಚುವವರನ್ನು ನೀವು ಕಂಡಿರುತ್ತೀರಿ, ಬಿಡಿಸುವವರನ್ನೂ ಕಂಡಿರುತ್ತೀರಿ. ಜಗಳವನ್ನು ಜೋಪಾನ ಮಾಡುವವರನ್ನು ಕಂಡಿದ್ದೀರಾ? ನಾನು ಕಂಡದ್ದು ಇವರೊಬ್ಬರನ್ನೇ.

ನಮ್ಮ ಬಳಗದ ಒಂದು ಮದುವೆಯಲ್ಲಿ ಬೀಗರ ನಡುವೆ ಮಾತು ಬೆಳೆಯಿತು. ಹಿರಿಯರೊಬ್ಬರು ಓಡಿಬಂದು, "ಮಾಸ್ತರ, ನೀವರ ಒಂದ್ ಮಾತು ಹೇಳ್ರಿ" ಎಂದರು. ಮಾವ ಜೇಬಿನಿಂದ ಸೀಟಿ ತೆಗೆದು ಊದಿದರು. ಮಂಟಪವೇ ಸ್ತಬ್ಧ! "ಎಲ್ಲಾರೂ ಒಮ್ಮೆಲೆ ಒದರಿದ್ರ ಯಾರಿಗೂ ಕೇಳೂದಿಲ್ರಿ. ಒಬ್ಬೊಬ್ಬರ ಜಗಳಾಡ್ರಿ" ಎಂದು ಹೇಳಿ ಕುರ್ಚಿಯಲ್ಲಿ ಕುಳಿತರು. ಊಟ ತಣ್ಣಗಾಯಿತು. ಆದರೆ ಆ ಎರಡು ಮನೆಗಳ ನಡುವೆ ಹೇಳದೆ ಉಳಿದ ಮಾತು ಇವತ್ತಿಗೂ ಒಂದೂ ಇಲ್ಲ.

ಶಿಬಿರಗಳಲ್ಲಿ ಅವರದು ಇನ್ನೊಂದು ನಿಯಮ. ಜಗಳಕ್ಕೆ ಬಿದ್ದ ಇಬ್ಬರು ದೊಡ್ಡವರು ಒಂದು ಬಡಿಗೆಯ ಎರಡು ತುದಿಗಳನ್ನು ಹೆಗಲ ಮೇಲೆ ಹೊತ್ತು, ನಡುವೆ ಕೊಡ ತೂಗುಬಿಟ್ಟು, ಬಾವಿಯಿಂದ ಅಡಿಗೆಮನೆಗೆ ನೀರು ತರಬೇಕು. "ಬೇಕಾದಷ್ಟು ಬೈದಾಡ್ರಿ, ನೀರು ಚೆಲ್ಲಬ್ಯಾಡ್ರಿ" ಎನ್ನುವುದಷ್ಟೇ ಷರತ್ತು.

ಈ ಸಲ ಬಡಿಗೆಯ ಒಂದು ತುದಿಗೆ ಶಿಗ್ಗಾಂವಿಯ ಕಾಳಿನ ವ್ಯಾಪಾರಿ, ಇನ್ನೊಂದು ತುದಿಗೆ ಹಿರೇಕೆರೂರಿನ ಶಿಕ್ಷಕಿ. ಇಬ್ಬರೂ ಸಂಬಳವಿಲ್ಲದೆ, ಪ್ರೀತಿಯಿಂದ ಬಂದ ಸ್ವಯಂಸೇವಕರು. ಪ್ರೀತಿಯಿಂದ ಬಂದವರ ಜಗಳ ಸಂಬಳದವರ ಜಗಳಕ್ಕಿಂತ ಜೋರಾಗಿರುತ್ತದೆ; ಇದನ್ನು ನಾನು ಹಲವು ಕಡೆ ಗಮನಿಸಿದ್ದೇನೆ. ಮೊದಲ ದಿನದ ವಿಷಯ, ಉಪ್ಪಿಟ್ಟಿಗೆ ಶೇಂಗಾ ಹಾಕಬೇಕೋ ಬೇಡವೋ. ಸಂಜೆಯ ಹೊತ್ತಿಗೆ ಅಡಿಗೆಮನೆಯ ಪೀಪಾಯಿಗಳೆಲ್ಲ ತುಂಬಿ, ಮಕ್ಕಳು ಎರಡನೇ ಸಲ ಸ್ನಾನ ಮಾಡಿದರು!

ಎರಡನೇ ದಿನ ಕೆರೆಯವರೆಗೆ ನಡಿಗೆ. ಹೊಲದ ದಾರಿ ಎಂದರು ವ್ಯಾಪಾರಿ. ಹಳ್ಳದ ದಂಡೆ ಎಂದರು ಶಿಕ್ಷಕಿ. ಮಾವ ಎಂದಿನಂತೆ ತೀರ್ಪು ಕೊಡಲಿಲ್ಲ. ನಸುಕಿನಲ್ಲಿ ವ್ಯಾಪಾರಿ ಹೋಗಿ ತಮ್ಮ ದಾರಿಗುಂಟ ಕಲ್ಲಿನ ಬಾಣದ ಗುರುತು ಇಟ್ಟು ಬಂದರು. ಆಮೇಲೆ ಶಿಕ್ಷಕಿ ಹೋಗಿ ಆ ಬಾಣಗಳ ಮೇಲೆ ಕಡ್ಡಿಯಿಂದ 'ಈ ದಾರಿ ಬೇಡ' ಎಂಬ ಅಡ್ಡಗೆರೆ ಇಟ್ಟು, ತಮ್ಮ ಬಾಣ ಜೋಡಿಸಿದರು. ಅನುಮಾನ ಬಂದು ವ್ಯಾಪಾರಿ ಮತ್ತೆ ಹೋದರು. ಅವರ ಬಳಿಯೂ ಕಡ್ಡಿಗಳಿದ್ದವು.

ನಡಿಗೆಯ ನಾಯಕಿ ಯಲವಿಗಿ ಕಡೆಯ ಹತ್ತನೇ ತರಗತಿಯ ಹುಡುಗಿ. ಅಪ್ಪ ಗೋಡೆಗೆ ಸಿಮೆಂಟಿನ ಗಿಲಾಯಿ ಬಳಿಯುವವರು. ಮಕ್ಕಳೇ ಕೈ ಎತ್ತಿ ಆರಿಸಿದ್ದಕ್ಕೆ ಅವಳ ಜೇಬಿನ ಮೇಲೆ ನಾಯಕಿಯ ಎರಡು ಬಿಳಿ ಪಟ್ಟಿ. ಬೇವಿನ ಮರ ಮೂರನೇ ಸಲ ಎದುರಾದಾಗ ಅವಳು ನಿಂತಳು. ಕಲ್ಲು, ಕಡ್ಡಿ ಎಲ್ಲವನ್ನೂ ಕಾಲಿನಿಂದ ಸರಿಸಿದಳು. ದಿಕ್ಸೂಚಿ ನೋಡಿ ತನ್ನದೇ ಬಾಣ ಇಟ್ಟಳು. ಮಕ್ಕಳೆಲ್ಲ ಕೆರೆ ಕಂಡು, ಊಟದ ಹೊತ್ತಿಗೆ ಶಿಬಿರ ಮುಟ್ಟಿದರು.

ಆಗ ಒಂದು ಪವಾಡ ನಡೆಯಿತು. ವ್ಯಾಪಾರಿ ಮತ್ತು ಶಿಕ್ಷಕಿ ಮೊದಲ ಬಾರಿಗೆ ಒಮ್ಮತಕ್ಕೆ ಬಂದರು: ತಪ್ಪು ಹುಡುಗಿಯದು!

"ದೊಡ್ಡವರು ಇಟ್ಟ ಗುರುತು ಅಳಸ್ತಾಳಂದ್ರ ಏನ್ರಿ ಮಾಸ್ತರ? ಪಟ್ಟಿ ಬಿಚ್ಚಸ್ರಿ ಆಕಿದು" ಎಂದರು ವ್ಯಾಪಾರಿ.

"ಶಿಸ್ತಂದ್ರ ಶಿಸ್ತರಿ ಸರ್. ಇವತ್ತ ಬಿಟ್ರ ನಾಳೆ ನಮ್ಮ ಮಾತು ಯಾರ್ ಕೇಳ್ತಾರ?" ಎಂದರು ಶಿಕ್ಷಕಿ.

"ಪಟ್ಟಿ ನಾ ಕೊಟ್ಟಿಲ್ಲ, ಹುಡುಗರು ಕೊಟ್ಟಾರ. ಬಿಚ್ಚಬೇಕಂದ್ರ ಅವರನ್ನ ಕೇಳ್ರಿ. ಅವರ ನಾಯಕರ ಸಭಾ ಕರೀತೇನಿ. ನೀವಿಬ್ರೂ ಬಂದು ನಿಮ್ಮ ಬಾಣದ ಲೆಕ್ಕಾನೂ ಕೊಡ್ರಿ" ಎಂದರು ಮಾವ.

"ಹುಡುಗರ ಮುಂದ ನಾ ಕೈ ಕಟ್ಟಿ ನಿಂದ್ರಬೇಕೇನ್ರಿ?"

"ಕೈ ಯಾಕ ಕಟ್ತೀರಿ ಸಾವ್ಕಾರ್ರ? ಕುಂತ ಹೇಳ್ರಿ. ಕುರ್ಚಿ ಹಾಕಸ್ತೇನಿ."

ಸಭೆ ಸೇರಿತು. ಕುರ್ಚಿಗಳೂ ಬಂದವು. ಇಬ್ಬರೂ ಬರಲಿಲ್ಲ. ಮಕ್ಕಳು ಪಟ್ಟಿ ಇರಲಿ ಎಂದು ತೀರ್ಮಾನಿಸಿದರು. ಮರುವಾರ ಅವರಿಬ್ಬರ ದೂರು ಸ್ಕೌಟ್ ಜಿಲ್ಲಾ ಸಮಿತಿಗೆ ಹೋಯಿತು. ಸಮಿತಿಯ ಉತ್ತರ ಚಿಕ್ಕದು: ಹುಡುಗಿ ಕ್ಷಮಾಪಣೆ ಪತ್ರ ಬರೆದುಕೊಟ್ಟರೆ ಪಟ್ಟಿ ಉಳಿಯುತ್ತದೆ, ರಾಜ್ಯ ಶಿಬಿರಕ್ಕೆ ಹೆಸರೂ ಹೋಗುತ್ತದೆ, ಇಲ್ಲವಾದರೆ ಎರಡೂ ಇಲ್ಲ.

ಹುಡುಗಿ ಅಪ್ಪನ ಜೊತೆ ಸವಣೂರಿಗೆ ಬಂದಳು. ಅಪ್ಪನ ಅಂಗಿಯ ತೋಳಿಗೆ ಸಿಮೆಂಟು ಅಂಟಿತ್ತು; ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದರು.

"ಬರದ ಬಿಡ್ಲಿ ತಗೋರಿ ಸರ. ಎರಡ್ ಸಾಲು. ನಮ್ಮಂಥವರಿಗೆ ದೊಡ್ಡ ಮಾತಲ್ರಿ" ಎಂದರು ಅವರು.

"ನಿನ್ನ ತಪ್ಪೇನಂತ ಬರೀತಿಯವಾ ತಂಗಿ?" ಮಾವ ಹುಡುಗಿಯನ್ನು ಕೇಳಿದರು.

"ಅದ ತಿಳೀವಲ್ದರಿ ಸರ್. ನೀವ ಹೇಳ್ರಿ, ಬರೀತೇನಿ."

ಮಾವ ಹುಡುಗಿಯ ಕೈಯಲ್ಲಿದ್ದ ಖಾಲಿ ಹಾಳೆ ನೋಡಿದರು. ಜಗಳ ಬಯಲಾಗಲಿ ಎಂದು ಜೀವನವಿಡೀ ಹಟ ಹಿಡಿದ ಮನುಷ್ಯ. ಬಯಲಾದ ಜಗಳ ಯಾರ ತಲೆಯ ಮೇಲೆ ಬಂದು ಕೂತಿದೆ ಎಂಬುದು ಎದುರಿಗೇ ಇತ್ತು. ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ತಾವೇ ಬರೆದರು. ಬರೆದದ್ದು ಸಮಿತಿಗಲ್ಲ, ಹುಡುಗಿಗೆ.

'ಚಿರಂಜೀವಿ ತಂಗಿ, ನಡಿಗೆಯ ದಿನ ದೊಡ್ಡವರಾದ ನಾವು ಮೂವರು ನಿಮ್ಮ ದಾರಿ ಕೆಡಿಸಿದೆವು. ಇಬ್ಬರು ಗುರುತು ಇಟ್ಟರು. ಒಬ್ಬ ನೋಡುತ್ತ ಕುಳಿತ. ನೀನು ದಾರಿ ಹುಡುಕಿ ಎಲ್ಲರನ್ನೂ ಕರೆತಂದೆ. ನಮ್ಮನ್ನು ಕ್ಷಮಿಸು.'

ಓದಿ ಹೇಳುವಾಗ 'ನೋಡುತ್ತ ಕುಳಿತ' ಎನ್ನುವ ಸಾಲನ್ನು ಅವರು ಎರಡನೇ ಸಲ ಓದಬೇಕಾಯಿತು.

"ಸಮಿತಿ ಕ್ಷಮಾಪಣೆ ಕೇಳೇತಿ. ಕ್ಷಮಾಪಣೆ ಕಳಸ್ತೇನಿ. ಯಾರು ಬರೀಬೇಕು ಅನ್ನೂದನ್ನ ಅವರು ತಪ್ಪಿ ಹೇಳ್ಯಾರ" ಎಂದರು ಮಾವ.

ಪತ್ರದ ಕೆಳಗೆ ಮೂರು ಸಹಿಗೆ ಜಾಗ ಬಿಟ್ಟು ಮೊದಲನೆಯದನ್ನು ತಾವು ಹಾಕಿದರು. ಮರುದಿನ ಬಸ್ಸು ಹತ್ತಿ ಹಿರೇಕೆರೂರಿಗೆ ಹೋದರು. ಶಿಕ್ಷಕಿ ಪತ್ರ ಓದಿ, ಒಳಗೆ ಹೋಗಿ, ಮುಖ ತೊಳೆದುಕೊಂಡು ಬಂದು ಸಹಿ ಮಾಡಿದರು. ಅಲ್ಲಿಂದ ಶಿಗ್ಗಾಂವಿಗೆ ಹೋದರೆ ವ್ಯಾಪಾರಿ ಅಂಗಡಿಯಲ್ಲಿ ಇಲ್ಲ ಎಂಬ ಉತ್ತರ ಬಂತು. ಇದ್ದರು, ಒಳಗಿನ ಕೋಣೆಯಲ್ಲಿ.

ಪತ್ರ ಈಗ ಮಾವನ ಮನೆಯಲ್ಲಿದೆ. ಸಹಿಗಳು ಎರಡು. ನಿನ್ನೆ ಸಂಜೆ ಶಿಗ್ಗಾಂವಿಯಿಂದ ಫೋನ್ ಬಂದಿತ್ತು. ಭಾನುವಾರ ಮನೆಯಲ್ಲಿ ಇರುತ್ತೀರಾ ಎಂದು ವ್ಯಾಪಾರಿ ಕೇಳಿದರು.